ಮರಳಿ ಬರುವ ಹಳೆಯ ತಾರೆಯರೋ, ಈಗ ಕಣದಲ್ಲಿ ದುಡಿಯುತ್ತಿರುವವರೋ: ನಿಮ್ಮ ನಿರೀಕ್ಷೆ ಯಾರ ಮೇಲೆ?

ಮೂವತ್ತನೆಯ ಸಂಖ್ಯೆ (ಪ್ರಶ್ನೆ)

ಮೂವತ್ತು ಮಂದಿ ಒಬ್ಬೊಬ್ಬರಾಗಿ ಕಣಕ್ಕಿಳಿದು, ಹಗ್ಗದಾಚೆ ಬೀಳದೆ ಕೊನೆಗೆ ಉಳಿದವರು ಗೆಲ್ಲುವ ರಾಯಲ್ ರಂಬಲ್ ಪಂದ್ಯ ಸಮೀಪಿಸುತ್ತಿದ್ದಂತೆ ಪ್ರೊ ರೆಸ್ಲಿಂಗ್ ಅಭಿಮಾನಿಗಳ ಮಾತೆಲ್ಲ ಒಂದೇ ಕಡೆಗೆ ಹೊರಳುವುದನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಕಣದಲ್ಲಿರುವ ಮೂವತ್ತು ಮಂದಿಯಲ್ಲಿ ಯಾರು ಗೆಲ್ಲಬಹುದು ಎಂಬ ಚರ್ಚೆ ನಾಲ್ಕು ಮಾತಿಗೆ ಮುಗಿಯುತ್ತದೆ. ಸಿನಿಮಾಕ್ಕೆ ಹೋದವರು, ಗಾಯಗೊಂಡು ಮನೆ ಸೇರಿದವರು, ಮನಸ್ತಾಪ ಮಾಡಿಕೊಂಡು ಬೇರೆ ಸಂಸ್ಥೆಗೆ ಹೊರಟುಹೋದವರು, ಇವರಲ್ಲಿ ಯಾರ ಪ್ರವೇಶ ಸಂಗೀತ ಇದ್ದಕ್ಕಿದ್ದಂತೆ ಮೊಳಗಬಹುದು ಎಂಬ ಊಹಾಪೋಹ ಮಾತ್ರ ವಾರಗಟ್ಟಲೆ ನಡೆಯುತ್ತದೆ. ನಾನೂ ಇದಕ್ಕೆ ಹೊರತಲ್ಲ. ಹೊರತಾಗಿದ್ದರೆ ಇಂಥ ಅಡ್ಡಹೆಸರನ್ನು ಇಟ್ಟುಕೊಳ್ಳುತ್ತಿರಲಿಲ್ಲ.

ಆದರೆ ಈಚೆಗೆ 2014ರ ರಂಬಲ್ ಅನ್ನು ಮತ್ತೊಮ್ಮೆ ಪೂರ್ತಿಯಾಗಿ ನೋಡಿದ ಮೇಲೆ ಮನಸ್ಸಿನಲ್ಲಿ ಒಂದು ಅನುಮಾನ ಉಳಿದುಕೊಂಡಿದೆ. ಆ ವರ್ಷ ಜನವರಿ 26ರಂದು ಪಿಟ್ಸ್‌ಬರ್ಗ್‌ನಲ್ಲಿ ಸೇರಿದ್ದ ಜನ ಡೇನಿಯಲ್ ಬ್ರಯನ್ ಅವರಿಗಾಗಿ ಹಾತೊರೆಯುತ್ತಿದ್ದರು. ಬ್ರಯನ್ ಅದೇ ಸಂಜೆ ಬ್ರೇ ವೈಯಟ್ ಅವರೆದುರು ಸೋತು ಒಳಹೋಗಿದ್ದರೂ, ಮೂವತ್ತನೆಯ, ಅಂದರೆ ಕೊನೆಯ ಸ್ಥಾನ ಅವರಿಗೇ ಮೀಸಲೆಂದು ಎಲ್ಲರೂ ನಂಬಿದ್ದರು. ಹತ್ತರಿಂದ ಒಂದರವರೆಗೆ ಎಣಿಕೆ ನಡೆದು, ಗಂಟೆ ಬಾರಿಸಿ, ಹೊರಗೆ ಬಂದವರು ರೇ ಮಿಸ್ಟೀರಿಯೊ. ಅಷ್ಟು ವರ್ಷ ಮಕ್ಕಳಿಂದ ಮುದುಕರವರೆಗೆ ಎಲ್ಲರ ಮೆಚ್ಚಿನವರಾಗಿದ್ದ ಆ ಮನುಷ್ಯನನ್ನು ಇಡೀ ಸಭಾಂಗಣ ‘ಬೂ’ ಎಂದು ಕೂಗಿ ಬರಮಾಡಿಕೊಂಡಿತು. ಮುಖವಾಡದ ಹಿಂದೆ ಅವರ ಮುಖ ಹೇಗಾಗಿತ್ತೋ ಕಾಣದು. ಹೆಜ್ಜೆ ಮಾತ್ರ ಒಂದು ಕ್ಷಣ ತಡವರಿಸಿದಂತೆ ನನಗೆ ಕಂಡಿತು. ಕೊನೆಗೆ ಗೆದ್ದವರು ನಾಲ್ಕು ವರ್ಷಗಳ ಬಳಿಕ ಅದೇ ತಿಂಗಳು ಮರಳಿದ್ದ ಬ್ಯಾಟಿಸ್ಟಾ. ಅವರಿಗೂ ಅದೇ ಸತ್ಕಾರ ಸಿಕ್ಕಿತು.

ಹೀಗಾಗಿ ತಿಳಿದವರನ್ನು ಕೇಳುತ್ತಿದ್ದೇನೆ. ಹಳೆಯ ತಾರೆಯೊಬ್ಬರು ಮರಳಿ ಬಂದುದರಿಂದ ಆ ಹೊತ್ತಿನ ಕುಸ್ತಿಪಟುವಿಗೆ ನಿಜವಾಗಿ ಒಳ್ಳೆಯದಾದ ಉದಾಹರಣೆಗಳು ಇವೆಯೇ? ಇದ್ದರೆ, ಕೆಡುಕಾದ ಸಂದರ್ಭಗಳಿಗೂ ಅವಕ್ಕೂ ನಡುವೆ ನೀವು ಕಾಣುವ ವ್ಯತ್ಯಾಸವೇನು?


ಹಗ್ಗದ ಮೂಲೆ

ಉದಾಹರಣೆಗಳು ಬೇಕಾದಷ್ಟಿವೆ. ಮರಳಿ ಬಂದವರು ಏನು ಗೆದ್ದರು ಎಂದು ಹುಡುಕಿದರೆ ಅವು ಕಣ್ಣಿಗೆ ಬೀಳುವುದಿಲ್ಲ. ಯಾರ ಕೈಯಲ್ಲಿ, ಯಾವ ರೀತಿಯಲ್ಲಿ ಸೋತರು ಎಂದು ಹುಡುಕಬೇಕು.

2002ನ್ನು ನೆನಪಿಸಿಕೊಳ್ಳಿ. ಹಳೆಯ ತಾರೆ ಹಲ್ಕ್ ಹೋಗನ್ ಡಬ್ಲ್ಯೂಡಬ್ಲ್ಯೂಎಫ್‌ಗೆ (ಇಂದಿನ ಡಬ್ಲ್ಯೂಡಬ್ಲ್ಯೂಇ ಸಂಸ್ಥೆಗೆ) ಮರಳಿದ ವರ್ಷ ಅದು. ಮಾರ್ಚ್ 17ರಂದು ಟೊರಾಂಟೊದಲ್ಲಿ ರಾಕ್ ಅವರೆದುರು ಸೋತರೂ ಇಡೀ ಕ್ರೀಡಾಂಗಣ ಹೋಗನ್ ಪರವಾಗಿಯೇ ಎದ್ದು ನಿಂತಿತ್ತು. ಮರುತಿಂಗಳು ಟ್ರಿಪಲ್ ಎಚ್ ಅವರನ್ನು ಮಣಿಸಿ, 48ನೆಯ ವಯಸ್ಸಿನಲ್ಲಿ ಅವರು ಚಾಂಪಿಯನ್ ಬೆಲ್ಟ್ ಅನ್ನೂ ಕಟ್ಟಿಕೊಂಡರು. ಹಳಬರೇ ಎಲ್ಲವನ್ನೂ ನುಂಗಿ ಹಾಕಿದರೆಂದು ಆಗ ಗೊಣಗಿದವರಲ್ಲಿ ನಾನೂ ಒಬ್ಬ. ಆದರೆ ಆಗಸ್ಟ್ 8ರ ಸ್ಮ್ಯಾಕ್‌ಡೌನ್ ಟಿವಿ ಸಂಚಿಕೆಯಲ್ಲಿ ಬ್ರಾಕ್ ಲೆಸ್ನರ್ ಎಂಬ 25ರ ಹರೆಯದ ಹೊಸಬ ಆ ಹೋಗನ್ ಅವರನ್ನು ಕರಡಿಯಪ್ಪುಗೆಯಲ್ಲಿ ಹಿಡಿದು ಹಿಂಡಿದರು. ತೋಳುಗಳು ಜೋತುಬಿದ್ದವು, ಬಾಯಿಂದ ರಕ್ತ ಒಸರಿತು, ಪಂದ್ಯ ಮುಗಿಯಿತು. ಲೆಸ್ನರ್ ಆ ರಕ್ತವನ್ನು ಬೆರಳಲ್ಲಿ ತೆಗೆದುಕೊಂಡು ತಮ್ಮ ಎದೆಗೆ ಬಳಿದುಕೊಂಡರು. ಆ ಒಂದು ದೃಶ್ಯ ಮಾಡಿದ ಕೆಲಸವನ್ನು ನೂರು ಪ್ರೋಮೋಗಳು (ಮೈಕ್ ಹಿಡಿದು ಆಡುವ ಸವಾಲಿನ ಮಾತುಗಳು) ಮಾಡಲಾರವು. ಹದಿನೇಳು ದಿನಗಳ ನಂತರ ಸಮ್ಮರ್‌ಸ್ಲ್ಯಾಮ್‌ನಲ್ಲಿ ರಾಕ್ ಕೂಡ ಅದೇ ಹುಡುಗನೆದುರು ನೆಲಕ್ಕೆ ಬೆನ್ನು ಕೊಟ್ಟು ಸಿನಿಮಾದತ್ತ ಹೊರಟರು. ಇಂದು ಲೆಸ್ನರ್ ಮರಳುತ್ತಾರೆಂದರೆ ನಾವು ಕುರ್ಚಿಯ ತುದಿಗೆ ಬರುತ್ತೇವಲ್ಲ, ಆ ಬಂಡವಾಳವನ್ನು ಅವರಿಗೆ ಕೊಟ್ಟವರಲ್ಲಿ ಹೋಗನ್ ಮತ್ತು ರಾಕ್ ಮೊದಲಿಗರು.

ಇನ್ನೊಂದು, ನನಗೆ ಇದಕ್ಕಿಂತಲೂ ಪ್ರಿಯವಾದದ್ದು, ಮಿಕ್ ಫೋಲಿ ಅವರದು. 2000ದಲ್ಲೇ ಪೂರ್ಣಾವಧಿ ಕುಸ್ತಿಗೆ ವಿದಾಯ ಹೇಳಿದ್ದ ಫೋಲಿ, 2004ರ ಏಪ್ರಿಲ್ 18ರಂದು ಬ್ಯಾಕ್‌ಲ್ಯಾಶ್‌ನಲ್ಲಿ ರ‍್ಯಾಂಡಿ ಆರ್ಟನ್ ಅವರೆದುರು ಇಳಿದರು. ಆರ್ಟನ್ ಆಗ 24ರ ಯುವಕ. ನೋಡಲು ಚೆಂದ, ಮಾತಿನಲ್ಲಿ ಸೊಕ್ಕು, ಆದರೆ ಪೆಟ್ಟು ತಿಂದು ತಾಳಬಲ್ಲ ಗಂಡಸು ಎಂದು ನಂಬುವವರು ಕಡಿಮೆಯಿದ್ದರು. ಆ ರಾತ್ರಿ ಅವರು ಬರಿಮೈಯಲ್ಲಿ ಗುಂಡುಪಿನ್ನುಗಳ ರಾಶಿಯ ಮೇಲೆ ಬಿದ್ದರು. ಎದ್ದಾಗ ಬೆನ್ನು, ತೋಳುಗಳ ತುಂಬ ಪಿನ್ನುಗಳು ಚುಚ್ಚಿಕೊಂಡಿದ್ದವು; ಆ ಮುಖದ ನೋವು ನಟನೆಯದಾಗಿರಲು ಸಾಧ್ಯವೇ ಇರಲಿಲ್ಲ. ಫೋಲಿ ತಮ್ಮ ಹೆಸರಿಗೆ ಅಂಟಿಕೊಂಡಿದ್ದ ಆ ಸಹನೆಯನ್ನೇ ಎದುರಾಳಿಗೆ ಧಾರೆ ಎರೆದು ಕೊಟ್ಟು, ಕೊನೆಗೆ ಸೋತರು. ನಾಲ್ಕು ತಿಂಗಳಲ್ಲಿ ಆರ್ಟನ್ ವಿಶ್ವ ಚಾಂಪಿಯನ್ ಆದರು. ಎರಡು ವರ್ಷದ ನಂತರ, ಸಂಸ್ಥೆಯ ವರ್ಷದ ಅತಿ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದ 22ನೆಯ ಆವೃತ್ತಿಯಲ್ಲಿ ಉರಿಯುವ ಮೇಜಿನ ಮೂಲಕ ಎಡ್ಜ್ ಅವರಿಗೂ ಫೋಲಿ ಇದೇ ಉಪಕಾರವನ್ನು ಮಾಡಿದರು.

ಈಗ ಇದರ ಪಕ್ಕದಲ್ಲಿ 2017ರ ಮಾರ್ಚ್ 5ನ್ನು ಇಟ್ಟು ನೋಡಿ. ಕೆವಿನ್ ಓವನ್ಸ್ ಆರು ತಿಂಗಳಿಗೂ ಹೆಚ್ಚು ಕಾಲ ಯೂನಿವರ್ಸಲ್ ಬೆಲ್ಟ್ ಅನ್ನು ಹೊತ್ತು ವಾರವಾರವೂ ದುಡಿದಿದ್ದರು. 50 ವರ್ಷದ ಹಳೆಯ ತಾರೆ ಗೋಲ್ಡ್‌ಬರ್ಗ್ ಮರಳಿ ಬಂದು ಅವರ ಎದುರು ನಿಂತರು. ಕ್ರಿಸ್ ಜೆರಿಕೊ ಅವರ ಸಂಗೀತ ಕೇಳಿ ಓವನ್ಸ್ ಅತ್ತ ತಿರುಗಿದರು. ಒಂದು ಸ್ಪಿಯರ್ (ಓಡಿ ಬಂದು ಭುಜದಿಂದ ಗುದ್ದಿ ಕೆಡವುವ ಪಟ್ಟು), ಒಂದು ಜ್ಯಾಕ್‌ಹ್ಯಾಮರ್ (ಎತ್ತಿ ಬೆನ್ನ ಮೇಲೆ ಕೆಡವುವ ಪಟ್ಟು), ಮೂರು ಎಣಿಕೆ. ಗಂಟೆ ಬಾರಿಸಿದ್ದರಿಂದ ಹಿಡಿದು ಲೆಕ್ಕ ಹಾಕಿದರೆ ಇಪ್ಪತ್ತೆರಡು ಸೆಕೆಂಡು. ಇದೆಲ್ಲ ನಡೆದದ್ದು ರೆಸಲ್‌ಮೇನಿಯಾ 33ರಲ್ಲಿ ಗೋಲ್ಡ್‌ಬರ್ಗ್ ಮತ್ತು ಲೆಸ್ನರ್ ಪಂದ್ಯಕ್ಕೆ ಬೆಲ್ಟ್ ಇರಲಿ ಎಂಬ ಕಾರಣಕ್ಕೆ. ಹಿಂದಿನ ನವೆಂಬರ್‌ನಲ್ಲಿ 86 ಸೆಕೆಂಡಿನಲ್ಲಿ ಲೆಸ್ನರ್ ಅವರನ್ನು ಗೋಲ್ಡ್‌ಬರ್ಗ್ ಉರುಳಿಸಿದ್ದರಿಂದಲೇ ಆ ಮರುಪಂದ್ಯಕ್ಕೆ ಬೇಕಾದಷ್ಟು ಕಾವು ಸಿಕ್ಕಿತ್ತು. ಬೆಲ್ಟ್ ಅದಕ್ಕೆ ಬೇಕಾಗಿಯೇ ಇರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಂಥದ್ದಕ್ಕೇ. ಮೂರು ವರ್ಷದ ಬಳಿಕ, 2020ರ ಫೆಬ್ರವರಿ 27ರಂದು, ರಿಯಾದ್‌ನಲ್ಲಿ ‘ಫೀಂಡ್’ ವೇಷದ ಬ್ರೇ ವೈಯಟ್ ಅವರಿಗೂ ಅದೇ ಗತಿಯಾಯಿತು. ಎಷ್ಟು ಹೊಡೆದರೂ ಏಳುವ ಭೂತ ಎಂದು ತಿಂಗಳುಗಟ್ಟಲೆ ನಂಬಿಸಿದ್ದ ಪಾತ್ರವೊಂದು ಕೆಲವೇ ನಿಮಿಷಗಳಲ್ಲಿ ಸಾಮಾನ್ಯ ಮನುಷ್ಯನಾಗಿ ಹೋಯಿತು. ವೈಯಟ್ ಇಂದು ನಮ್ಮೊಂದಿಗಿಲ್ಲ. ಆ ಪಂದ್ಯವನ್ನು ಮತ್ತೆ ನೋಡುವ ಮನಸ್ಸೂ ನನಗಿಲ್ಲ.


ಹೊಸ ಸದಸ್ಯ

ಕ್ಷಮಿಸಿ, ಪೆದ್ದು ಪ್ರಶ್ನೆ ಎನಿಸಬಹುದು. ಗೆಲ್ಲುವವರು, ಸೋಲುವವರು ಯಾರೆಂಬುದನ್ನು ಮೊದಲೇ ನಿಗದಿ ಮಾಡಿರುತ್ತಾರೆ ಎಂದು ಎಲ್ಲರಿಗೂ ತಿಳಿದಿರುವಾಗ, ಇಪ್ಪತ್ತೆರಡು ಸೆಕೆಂಡಿನ ಸೋಲಿನಿಂದ ಓವನ್ಸ್ ಅವರಿಗೆ ನಷ್ಟವಾದರೂ ಏನು? ಅವರ ಕೌಶಲವೇನೂ ಕಡಿಮೆಯಾಗಲಿಲ್ಲವಲ್ಲ?


ಹಗ್ಗದ ಮೂಲೆ

ಪೆದ್ದು ಪ್ರಶ್ನೆಯೇನಲ್ಲ. ನಾಟಕದಲ್ಲಿ ರಾಜನ ಪಾತ್ರ ಮಾಡಿದವನು ನಿಜವಾದ ರಾಜನಲ್ಲ ಎಂದು ನೋಡುವವರಿಗೆಲ್ಲ ಗೊತ್ತು. ಆದರೂ ಉಳಿದ ಪಾತ್ರಗಳು ಅವನಿಗೆ ತಲೆಬಾಗದಿದ್ದರೆ ಅವನು ವೇದಿಕೆಯ ಮೇಲೂ ರಾಜನಾಗಲಾರ. ಕುಸ್ತಿಪಟು ದೊಡ್ಡವನೆಂದು ತೋರುವುದು ಉಳಿದವರು ಅವನ ಪೆಟ್ಟಿಗೆ ಹೇಗೆ ಬೀಳುತ್ತಾರೆ ಎಂಬುದರಿಂದ. ಚಾಂಪಿಯನ್ ಒಬ್ಬ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದರೆ, ಆರು ತಿಂಗಳಲ್ಲಿ ಅವನೆದುರು ಬಿದ್ದವರೆಲ್ಲ ಅವನಿಗಿಂತಲೂ ಸಣ್ಣವರು ಎಂಬ ಅರ್ಥ ತಾನಾಗಿಯೇ ಬರುತ್ತದೆ. ಹಾಗಾಗಿ ಅಂದು ನಷ್ಟವಾದದ್ದು ಓವನ್ಸ್ ಒಬ್ಬರಿಗಲ್ಲ.


ಎರಡೂವರೆ ಎಣಿಕೆ

ಹಗ್ಗದ ಮೂಲೆಯವರ ವಾದದಲ್ಲಿ ಅರ್ಧವನ್ನು ಒಪ್ಪುತ್ತೇನೆ. ಹಳಬರ ಸೋಲು ಒಂದು ಔಷಧ ಎಂಬಂತೆ ಅವರು ಬರೆದಿದ್ದಾರೆ. ಕೊಟ್ಟ ತಕ್ಷಣ ಅದು ಮೈಗೆ ಹತ್ತುತ್ತದೆ ಎಂಬ ಭರವಸೆಯೇನೂ ಇಲ್ಲ. 2013ರ ರಂಬಲ್‌ನಲ್ಲಿ ಮರಳಿದ ಜೆರಿಕೊ, ಅದೇ ಏಪ್ರಿಲ್ 7ರಂದು ರೆಸಲ್‌ಮೇನಿಯಾ 29ರಲ್ಲಿ ಫ್ಯಾಂಡ್ಯಾಂಗೊ ಎಂಬ ಹೊಸ ಹೆಸರಿನ ನರ್ತಕ ಪಾತ್ರಧಾರಿಗೆ ಸೋತರು. ಮರುದಿನದ ರಾ ಕಾರ್ಯಕ್ರಮದಲ್ಲಿ ನ್ಯೂಜೆರ್ಸಿಯ ಪ್ರೇಕ್ಷಕರು ಫ್ಯಾಂಡ್ಯಾಂಗೊ ಅವರ ಪ್ರವೇಶ ಸಂಗೀತವನ್ನು ಬಾಯಲ್ಲೇ ಹಾಡುತ್ತಾ ಕುಣಿದರು. ಹೆಸರಾಂತ ಎದುರಾಳಿಯ ಸೋಲು ಸಿಕ್ಕಿತು, ಜನರ ಹಾಡೂ ಸಿಕ್ಕಿತು. ಆದರೆ ಅದರ ಮೇಲೆ ಏನು ಕಟ್ಟಬೇಕೆಂದು ಕಥೆ ಹೆಣೆಯುವವರಿಗೆ ಹೊಳೆಯಲಿಲ್ಲ. ಜೂನ್‌ನಲ್ಲಿ ತಲೆಗೆ ಪೆಟ್ಟು ಬಿದ್ದು ಫ್ಯಾಂಡ್ಯಾಂಗೊ ಒಂದು ಬೆಲ್ಟಿನ ಪಂದ್ಯವನ್ನು ಕಳೆದುಕೊಂಡ ಮೇಲೆ ಎಲ್ಲ ಬಣ್ಣವನ್ನೂ ಮಸಿ ನುಂಗಿತು.

ಇದೇ ಓವನ್ಸ್ ಅವರ ಇನ್ನೊಂದು ಕಥೆ ಕೇಳಿ. 2015ರ ಮೇ 31ರಂದು ಮುಖ್ಯ ತಂಡದಲ್ಲಿ ತಮ್ಮ ಮೊದಲ ಪಂದ್ಯದಲ್ಲೇ ಜಾನ್ ಸೀನಾ ಅವರನ್ನು ಯಾರ ಸಹಾಯವೂ ಇಲ್ಲದೆ ಸೋಲಿಸಿದರು. ನಂತರದ ಎರಡು ತಿಂಗಳಲ್ಲಿ ಸೀನಾ ಎರಡು ಬಾರಿ ಗೆದ್ದು, ಕೊಟ್ಟ ಸಾಲವನ್ನು ಬಡ್ಡಿ ಸಮೇತ ವಸೂಲು ಮಾಡಿಕೊಂಡಂತಾಯಿತು. ಅಟ್ಟಕ್ಕೇರಿಸಿ ಏಣಿ ತೆಗೆಯುವ ಈ ಪದ್ಧತಿಗೆ ಮರಳಿ ಬಂದ ತಾರೆಯರನ್ನು ದೂರುವುದು ಸರಿಯಲ್ಲ. ಮೇಜಿನ ಹಿಂದೆ ಕುಳಿತು ಮುಂದಿನ ವಾರದ ಕಾರ್ಯಕ್ರಮವನ್ನು ಬರೆಯುವವರನ್ನು ಕೇಳಬೇಕು.

ಸೋಲದೆಯೂ ಒಳಿತು ಮಾಡಿದವರಿದ್ದಾರೆ. ಹಳೆಯ ತಾರೆ ಸ್ಟಿಂಗ್ 2020ರ ಡಿಸೆಂಬರ್‌ನಲ್ಲಿ ಎಇಡಬ್ಲ್ಯೂ ಎಂಬ ಇನ್ನೊಂದು ಕುಸ್ತಿ ಸಂಸ್ಥೆಯನ್ನು ಸೇರಿದರು. 2024ರ ಮಾರ್ಚ್ 3ರಂದು ಗ್ರೀನ್ಸ್‌ಬರೊದಲ್ಲಿ, 64ನೆಯ ವಯಸ್ಸಿನಲ್ಲಿ, ಯಂಗ್ ಬಕ್ಸ್ ಜೋಡಿಯನ್ನು ಸೋಲಿಸಿ ನಿವೃತ್ತರಾದರು. ಅಲ್ಲಿದ್ದ ಅಷ್ಟು ಕಾಲದಲ್ಲಿ ಅವರು ಒಂದು ಪಂದ್ಯವನ್ನೂ ಸೋತಿಲ್ಲ. ಹಗ್ಗದ ಮೂಲೆಯವರ ಲೆಕ್ಕದ ಪ್ರಕಾರ ಇದು ಘೋರ ಅಪರಾಧವಾಗಬೇಕಿತ್ತು. ಆದರೆ ಯಾರೂ ಬೇಸರಪಡಲಿಲ್ಲ, ಏಕೆಂದರೆ ಅವರು ಏಕಾಂಗಿಯಾಗಿ ಯಾರ ಬೆಲ್ಟಿಗೂ ಕೈ ಹಾಕಲಿಲ್ಲ. ಡಾರ್ಬಿ ಅಲಿನ್ ಎಂಬ ಯುವಕನ ಪಕ್ಕದಲ್ಲಿ, ಅವನಷ್ಟೇ ಬಣ್ಣ ಬಳಿದುಕೊಂಡು, ಅವನಷ್ಟೇ ಎತ್ತರದಿಂದ ಹಾರುತ್ತಾ ಮೂರು ವರ್ಷ ನಿಂತರು. ಸ್ಟಿಂಗ್ ಅವರ ಹೆಸರಿನ ಜೊತೆಗೆ ಡಾರ್ಬಿಯ ಹೆಸರೂ ಬರುವುದು ನಮಗೆಲ್ಲ ರೂಢಿಯಾಯಿತು. ಅದಕ್ಕಿಂತ ಹೆಚ್ಚಿನ ಉಡುಗೊರೆ ಯಾವುದಿದೆ?

ಪಕ್ಕದಲ್ಲಿ ನಿಂತರೆ ಸಾಕು ಎಂದು ಇದರಿಂದ ತಿಳಿಯಬೇಡಿ. 2015ರ ಜನವರಿ 25ರಂದು ಫಿಲಡೆಲ್ಫಿಯಾದಲ್ಲಿ ರೋಮನ್ ರೇನ್ಸ್ ರಂಬಲ್ ಗೆದ್ದಾಗ ಜನ ಕೆರಳಿದ್ದರು. ಸಮಾಧಾನಪಡಿಸಲೆಂದು ರಾಕ್ ಓಡಿ ಬಂದು, ರೇನ್ಸ್ ಅವರ ಕೈ ಹಿಡಿದು ಮೇಲೆತ್ತಿದರು. ಬೂ ಎಂಬ ಕೂಗು ತಗ್ಗುವ ಬದಲು ಏರಿತು. ರಾಕ್ ಕಣ್ಣರಳಿಸಿ ಸುತ್ತಲೂ ನೋಡಿದ ಆ ನೋಟ ನನಗಿನ್ನೂ ನೆನಪಿದೆ. ತಾನು ಬಂದರೂ ಹೀಗಾಗಬಹುದೆಂದು ಅವರು ಎಣಿಸಿರಲಿಲ್ಲವೆಂದು ಕಾಣುತ್ತದೆ. ಸ್ಟಿಂಗ್ ಮೂರು ವರ್ಷ ದುಡಿದು ಕೊಟ್ಟದ್ದನ್ನು ರಾಕ್ ಮೂರು ನಿಮಿಷದಲ್ಲಿ ಕೊಡಲು ನೋಡಿದರು.


ಉಕ್ಕಿನ ಪಂಜರ

ಇಷ್ಟೆಲ್ಲ ಚರ್ಚೆಯಲ್ಲಿ ಮಹಿಳಾ ಕುಸ್ತಿಯ ಒಂದೂ ಹೆಸರು ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಈ ಪ್ರಶ್ನೆಗೆ ತಕ್ಕ ಅತಿ ಕಠೋರವಾದ ಉದಾಹರಣೆ ಅಲ್ಲೇ ಇದೆ.

2021ರ ಆಗಸ್ಟ್ 21ರಂದು, ಲಾಸ್ ವೇಗಸ್‌ನ ಸಮ್ಮರ್‌ಸ್ಲ್ಯಾಮ್‌ನಲ್ಲಿ ಬಿಯಾಂಕ ಬೆಲೇರ್ ಚಾಂಪಿಯನ್ ಆಗಿದ್ದರು. ಅದೇ ವರ್ಷ ರೆಸಲ್‌ಮೇನಿಯಾದಲ್ಲಿ ಸಾಶಾ ಬ್ಯಾಂಕ್ಸ್ ಅವರನ್ನು ಗೆದ್ದು ಪಡೆದ ಬೆಲ್ಟ್ ಅದು. ಅಂದು ಮತ್ತೆ ಎದುರಾಗಬೇಕಿದ್ದ ಸಾಶಾ ಬರಲಿಲ್ಲ. ತಾಯ್ತನದ ಕಾರಣ ಒಂದು ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದ ಬೆಕಿ ಲಿಂಚ್ ಬಂದರು, ಕ್ರೀಡಾಂಗಣ ಹುಚ್ಚೆದ್ದು ಕೂಗಿತು, ನಾನೂ ಕೂಗಿದೆ. ಬೆಕಿ ಕೈ ಕುಲುಕಲೆಂದು ಕೈ ಚಾಚಿದರು, ಬಿಯಾಂಕ ಕೈ ಕೊಟ್ಟರು, ಮುಖಕ್ಕೊಂದು ಗುದ್ದು ಬಿತ್ತು, ಮರುಕ್ಷಣವೇ ಬೆನ್ನು ನೆಲಕ್ಕೆ. ಇಪ್ಪತ್ತಾರು ಸೆಕೆಂಡು. ನಾನು ಕೂಗಿದ ಕೂಗು ಗಂಟಲಲ್ಲಿ ಇರುವಾಗಲೇ ಬೆಲ್ಟ್ ಕೈ ಬದಲಾಗಿತ್ತು. ಬೆಕಿಯನ್ನು ಖಳನಾಯಕಿಯಾಗಿಸುವುದು ಉದ್ದೇಶವಾಗಿತ್ತು ಎಂದು ನಂತರ ಕಥೆಯ ಓಟದಿಂದ ಅರ್ಥವಾಯಿತು. 2022ರ ಏಪ್ರಿಲ್ 2ರಂದು ಬಿಯಾಂಕ ಅದೇ ಬೆಕಿಯನ್ನು ಸೋಲಿಸಿ ಚಾಂಪಿಯನ್ ಆದರು, ಆ ಪಂದ್ಯ ಅದ್ಭುತವಾಗಿತ್ತು. ಆದರೂ ಏಳು ತಿಂಗಳು ಆ ಹುಡುಗಿ ಕಳೆದುಕೊಂಡದ್ದನ್ನು ಮರಳಿ ಗಳಿಸಲು ದುಡಿಯಬೇಕಾಯಿತು. ಆ ಏಳು ತಿಂಗಳಲ್ಲಿ ಇನ್ನೂ ಮೇಲಕ್ಕೆ ಹೋಗಬಹುದಿತ್ತು ಎಂಬ ನನ್ನ ಕೊರಗು ಹಾಗೆಯೇ ಇದೆ.

ಹಳೆಯ ತಾರೆ ಟ್ರಿಶ್ ಸ್ಟ್ರೇಟಸ್ 2023ರಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಮೆಚ್ಚಿನ ತಾರೆಯಾಗಿ ಬಂದು ಕೈ ಬೀಸಿ ಹೋಗಬಹುದಾಗಿದ್ದವರು ಖಳನಾಯಕಿಯಾದರು, ಜನರ ಬೈಗುಳ ತಿಂದರು, ಸೆಪ್ಟೆಂಬರ್ 2ರಂದು ಪಿಟ್ಸ್‌ಬರ್ಗ್‌ನಲ್ಲಿ ಉಕ್ಕಿನ ಪಂಜರದೊಳಗೆ ಬೆಕಿ ಅವರಿಗೆ ಸೋತರು. ಸಾಲದೆಂಬಂತೆ, ತಿಂಗಳುಗಟ್ಟಲೆ ಅವರ ನೆರಳಾಗಿದ್ದ ಜೋಯಿ ಸ್ಟಾರ್ಕ್ ಕೊನೆಯಲ್ಲಿ ಅವರನ್ನೇ ಕೆಡವಿ ನಡೆದರು. 47ರ ವಯಸ್ಸಿನಲ್ಲಿ ಒಂದೇ ರಾತ್ರಿ ಇಬ್ಬರ ಕೈಯಲ್ಲಿ ಬೀಳಲು ಒಪ್ಪಿದ ಹಳೆಯ ತಾರೆಯರು ಗಂಡಸರಲ್ಲಿ ಎಷ್ಟು ಮಂದಿ ಸಿಕ್ಕಾರು?


ಮೂವತ್ತನೆಯ ಸಂಖ್ಯೆ

ಎಲ್ಲರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ ಕೇಳಲೇ? ವರ್ಷಕ್ಕೆ ಎರಡು ಬಾರಿ ಬಂದು ಹೋಗುವವರನ್ನೂ, ಮರಳಿ ಬಂದ ಮೇಲೆ ಇಲ್ಲಿಯೇ ನೆಲೆಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇವೆಯೇ?


ಬ್ಯಾಂಡೇಜು

ತೂಗುತ್ತಿದ್ದೀರಿ, ತೂಗಬಾರದು. ಅತಿಥಿಗಳು ಬೇರೆ, ಮನೆಗೆ ಮರಳಿದವರು ಬೇರೆ.

ಶಾನ್ ಮೈಕಲ್ಸ್ 1998ರಲ್ಲಿ ಬೆನ್ನಿನ ಗಾಯದಿಂದ ಹೊರನಡೆದು ನಾಲ್ಕು ವರ್ಷಗಳ ನಂತರ 2002ರ ಆಗಸ್ಟ್‌ನಲ್ಲಿ ಬಂದರು. 2010ರ ಮಾರ್ಚ್‌ವರೆಗೆ ಉಳಿದವರ ಹಾಗೆಯೇ ವಾರವಾರ ದುಡಿದರು. ಅವರನ್ನು ಪಾರ್ಟ್‌ಟೈಮರ್ ಎಂದು ಯಾರೂ ಕರೆಯಲಿಲ್ಲ. ಅದೇ ಮೈಕಲ್ಸ್ ಎಂಟು ವರ್ಷದ ನಿವೃತ್ತಿಯ ಬಳಿಕ 2018ರ ನವೆಂಬರ್ 2ರಂದು ರಿಯಾದ್‌ನಲ್ಲಿ ಒಂದೇ ಒಂದು ಪಂದ್ಯಕ್ಕೆಂದು ಇಳಿದಾಗ, ಜೊತೆಗಾರ ಟ್ರಿಪಲ್ ಎಚ್ ಅವರ ಎದೆಯ ಸ್ನಾಯು ನಡುವೆಯೇ ಹರಿದು, ನಾಲ್ವರು ದಿಗ್ಗಜರು ಹೇಗೋ ಹೆಣಗಾಡಿ ಆಟ ಮುಗಿಸಿದರು. ಮರುವರ್ಷ ಜೂನ್ 7ರಂದು ಜೆಡ್ಡಾದಲ್ಲಿ ಅಂಡರ್‌ಟೇಕರ್ ಮತ್ತು ಗೋಲ್ಡ್‌ಬರ್ಗ್ ಮೊದಲ ಬಾರಿಗೆ ಎದುರಾದರು. ಗೋಲ್ಡ್‌ಬರ್ಗ್ ಮೂಲೆಯ ಕಂಬಕ್ಕೆ ತಲೆ ಹೊಡೆದುಕೊಂಡರು, ಹಣೆಯಿಂದ ರಕ್ತ ಇಳಿಯಿತು, ಆಮೇಲೆ ಎತ್ತಿದ ಜ್ಯಾಕ್‌ಹ್ಯಾಮರ್ ಕೈಜಾರಿ ಅಂಡರ್‌ಟೇಕರ್ ಬಹುತೇಕ ತಲೆಯ ಮೇಲೆಯೇ ಬಿದ್ದರು. ಇಪ್ಪತ್ತು ವರ್ಷ ಹಿಂದೆ ನಾವು ಕನಸು ಕಂಡ ಪಂದ್ಯವನ್ನು ಕಣ್ಣು ಮುಚ್ಚಿಕೊಂಡು ನೋಡಬೇಕಾಯಿತು. ದಿನವೂ ರಿಂಗಿನಲ್ಲಿ ಬಿದ್ದೇಳುವ ದೇಹಕ್ಕೆ ಇರುವ ಒಗ್ಗಿಕೆ ಜಿಮ್ಮಿನಲ್ಲಿ ಬೆಳೆಸಿದ ಮೈಗೆ ಬರುವುದಿಲ್ಲ.

ನನ್ನ ಪ್ರಕಾರ ಮರಳಿ ಬಂದವರಲ್ಲಿ ಎಲ್ಲರಿಗಿಂತ ದೊಡ್ಡ ಕೊಡುಗೆ ಡೇನಿಯಲ್ ಬ್ರಯನ್ ಅವರದು. 2016ರ ಫೆಬ್ರವರಿಯಲ್ಲಿ ಕಣ್ಣೀರಿಟ್ಟು ನಿವೃತ್ತಿ ಘೋಷಿಸಿದವರು, 2018ರ ಮಾರ್ಚ್‌ನಲ್ಲಿ ವೈದ್ಯರ ಒಪ್ಪಿಗೆ ಪಡೆದು ಮರಳಿದರು. ಜನ ಹೃದಯದಲ್ಲಿಟ್ಟು ಪೂಜಿಸುತ್ತಿದ್ದ ಆ ಮನುಷ್ಯ ತಾನಾಗಿ ದ್ವೇಷದ ಪಾತ್ರವನ್ನು ಕಟ್ಟಿಕೊಂಡು, ಚರ್ಮದ ಬೆಲ್ಟ್ ಅನ್ನು ಕಸಕ್ಕೆ ಹಾಕಿ, ನಾರು ಮತ್ತು ಮರದ ಬೆಲ್ಟ್ ಮಾಡಿಸಿಕೊಂಡು, ಎಲ್ಲರಿಗೂ ಪರಿಸರದ ಪಾಠ ಹೇಳುತ್ತಾ ಮೆರೆದರು. 2019ರ ಏಪ್ರಿಲ್ 7ರಂದು, ಹನ್ನೊಂದು ವರ್ಷ ಮಧ್ಯದ ಸಾಲಿನಲ್ಲಿಯೇ ಉಳಿದಿದ್ದ ಕೋಫಿ ಕಿಂಗ್‌ಸ್ಟನ್ ಅವರೆದುರು ನಡುರಿಂಗಿನಲ್ಲಿ ಸ್ಪಷ್ಟವಾಗಿ ಸೋತರು. ಗೆಳೆಯರಿಬ್ಬರು ಹಳೆಯ ಚರ್ಮದ ಬೆಲ್ಟ್ ಅನ್ನು ತಂದು ಕೋಫಿಯ ಸೊಂಟಕ್ಕೆ ಕಟ್ಟಿದ ಆ ಗಳಿಗೆಯಲ್ಲಿ ಅಳದವರಿದ್ದರೆ ಕೈ ಎತ್ತಿ.

ಇದೇ ಕೋಫಿ, ಅದೇ ಅಕ್ಟೋಬರ್ 4ರಂದು, ಅಪರೂಪಕ್ಕೆ ಬಂದು ಹೋಗುವ ಲೆಸ್ನರ್ ಅವರಿಗೆ ಹತ್ತು ಸೆಕೆಂಡಿನೊಳಗೆ ಸೋತರು. ಬ್ರಯನ್ ತಿಂಗಳುಗಟ್ಟಲೆ ಬೆವರು ಹರಿಸಿ ಕಟ್ಟಿದ್ದನ್ನು ಅತಿಥಿಯೊಬ್ಬರು ತಮ್ಮ ಎಫ್-5 ಎಂಬ ಒಂದೇ ಪಟ್ಟಿನಲ್ಲಿ ಕೆಡವಿದರು. ನಿಮ್ಮ ಮೂಲ ಪ್ರಶ್ನೆಯ ಎರಡೂ ತುದಿಗಳು ಒಬ್ಬನೇ ಕುಸ್ತಿಪಟುವಿನ ಒಂದೇ ವರ್ಷದೊಳಗೆ ಇವೆ.


ಎರಡೂವರೆ ಎಣಿಕೆ

ಬ್ಯಾಂಡೇಜು ಅವರ ಕೋಫಿ ಉದಾಹರಣೆಗೆ ನನ್ನ ತಕರಾರಿಲ್ಲ. ಆದರೆ ಅತಿಥಿಗಳೂ ಸರಿಯಾಗಿ ನಡೆದುಕೊಳ್ಳಬಲ್ಲರು, ಅದಕ್ಕೆ ಪ್ರೇಕ್ಷಕರೇ ದಾರಿ ತೋರಿಸಬೇಕಾಗುತ್ತದೆ ಎಂಬುದಕ್ಕೆ 2024 ಸಾಕ್ಷಿ. ರಂಬಲ್ ಗೆದ್ದು ಚಾಂಪಿಯನ್ ರೇನ್ಸ್ ಅವರೆದುರು ಬೆಲ್ಟಿನ ಪಂದ್ಯಕ್ಕೆ ಅರ್ಹರಾಗಿದ್ದ ಕೋಡಿ ರೋಡ್ಸ್ ಫೆಬ್ರವರಿ 2ರಂದು ದಾರಿ ಬಿಟ್ಟುಕೊಟ್ಟು, ರಾಕ್ ಮತ್ತು ರೇನ್ಸ್ ಎದುರುಬದುರು ನಿಂತಾಗ, ಅಭಿಮಾನಿಗಳು ಒಕ್ಕೊರಲಿನಿಂದ ಪ್ರತಿಭಟಿಸಿದರು. ಒಂದೇ ವಾರದಲ್ಲಿ ಕಥೆ ತಿರುಗಿತು. ರಾಕ್ ಖಳನಾಯಕರಾಗಿ ಕೋಡಿಯ ಕೆನ್ನೆಗೆ ಬಾರಿಸಿದರು. ಏಪ್ರಿಲ್ 7ರಂದು ಫಿಲಡೆಲ್ಫಿಯಾದ ರೆಸಲ್‌ಮೇನಿಯಾದಲ್ಲಿ ಸೀನಾ, ಅಂಡರ್‌ಟೇಕರ್, ರಾಕ್ ಮೂವರೂ ಬಂದರು. ಬಂದ ಮೂವರೂ ಅಂದಿನ ಮುಖ್ಯ ಕಥೆಗೆ ಒಕ್ಕಲಾಗಿ ಬಂದು ಹೋದರು, ರೇನ್ಸ್ ಅವರ 1,316 ದಿನಗಳ ಆಳ್ವಿಕೆಗೆ ತೆರೆ ಎಳೆದವರು ಕೋಡಿ. ಒಂಬತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ರಾಕ್ ರೇನ್ಸ್ ಅವರ ಕೈ ಎತ್ತಿ ಸೋತಿದ್ದನ್ನು ನೆನೆದರೆ ನಗು ಬರುತ್ತದೆ.

ಅಂದಹಾಗೆ, ಕೋಡಿ ಕೂಡ 2022ರಲ್ಲಿ ಮರಳಿ ಬಂದವರೇ. ಎದೆಯ ಸ್ನಾಯು ಹರಿದು ಮೈ ಕಪ್ಪಗಾಗಿದ್ದಾಗಲೂ ಸೆತ್ ರಾಲಿನ್ಸ್ ಅವರೊಂದಿಗೆ ‘ಹೆಲ್ ಇನ್ ಎ ಸೆಲ್’ ಎಂಬ ಪಂಜರದ ಪಂದ್ಯದಲ್ಲಿ ಕಾದಾಡಿದ ಮೇಲೆ ಅದನ್ನು ಎಲ್ಲರೂ ಮರೆತರು.


ಹಗ್ಗದ ಮೂಲೆ

ಸ್ಟಿಂಗ್ ವಿಷಯದಲ್ಲಿ ನಾನು ಸೋತೆ, ಒಪ್ಪಿಕೊಳ್ಳುತ್ತೇನೆ. ಆದರೆ ಸೀನಾ ಅವರ ಕೊನೆಯ ವರ್ಷವನ್ನು ಯಾರೂ ಎತ್ತಲಿಲ್ಲವಲ್ಲ. 2025ರ ಫೆಬ್ರವರಿ 1ರಂದು ರಂಬಲ್‌ನಲ್ಲಿ ಕೊನೆಗೆ ಉಳಿದ ಇಬ್ಬರಲ್ಲಿ ಸೀನಾ ಒಬ್ಬರು. ಅವರನ್ನು ಹಗ್ಗದಾಚೆ ತಳ್ಳಿದ ಜೇ ಊಸೊ ಏಪ್ರಿಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಡಿಸೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಕೊನೆಯ ಪಂದ್ಯ, ಎದುರಾಳಿ ಗುಂಥರ್. ಹಳಬರ ನೆರವಿಲ್ಲದೆ 666 ದಿನಗಳ ಇಂಟರ್‌ಕಾಂಟಿನೆಂಟಲ್ ಆಳ್ವಿಕೆಯಿಂದ ಬೆಳೆದವರು ಅವರು. ಜುಲೈನಲ್ಲಿ ಗೋಲ್ಡ್‌ಬರ್ಗ್ ಅವರಿಗೂ ಅವರೇ ವಿದಾಯ ಕೊಟ್ಟಿದ್ದರು. ‘ಎಂದೂ ಸೋಲೊಪ್ಪದಿರು’ ಎಂಬ ಮಾತನ್ನು ಅಂಗಿಯ ಮೇಲೆ ಬರೆದುಕೊಂಡು ಇಪ್ಪತ್ತು ವರ್ಷ ಬದುಕಿದ ಸೀನಾ, ಗುಂಥರ್ ಅವರ ಪಟ್ಟಿನಲ್ಲಿ ಸಿಕ್ಕು, ಒಮ್ಮೆ ಮುಗುಳ್ನಕ್ಕು, ಕೈ ತಟ್ಟಿ ಸೋಲೊಪ್ಪಿದರು. ಸಭಾಂಗಣ ಕೋಪದಿಂದ ಕೂಗಿತು. ನನಗೆ ಮಾತ್ರ ಅದು ಫೋಲಿಯ ಗುಂಡುಪಿನ್ನುಗಳಷ್ಟೇ ಸರಿಯೆನಿಸಿತು.


ಉಕ್ಕಿನ ಪಂಜರ

ನನಗೆ ಸರಿಯೆನಿಸಲಿಲ್ಲ. ಸೋಲಲಿ, ಅದಕ್ಕೆ ಅಭ್ಯಂತರವಿಲ್ಲ. ಮೂರ್ಛೆ ಹೋಗಿ ಸೋತಿದ್ದರೆ ಗುಂಥರ್ ಅವರಿಗೂ ಅಷ್ಟೇ ಹೆಸರು ಬರುತ್ತಿತ್ತು, ಆ ಅಂಗಿಯ ಮಾತೂ ಉಳಿಯುತ್ತಿತ್ತು. ಹೋಗನ್ ಅವರೂ ಲೆಸ್ನರ್ ಕೈಯಲ್ಲಿ ಹಾಗೆಯೇ ಅಲ್ಲವೇ ಸೋತದ್ದು?


ಮೂವತ್ತನೆಯ ಸಂಖ್ಯೆ

ಈ ಚರ್ಚೆ ಶುರುವಾಗುವ ಮೊದಲು ನನ್ನ ಬಳಿ ಮುಂದಿನ ರಂಬಲ್‌ಗೆ ಯಾರು ಮರಳಬೇಕೆಂಬ ಐದು ಹೆಸರುಗಳ ಪಟ್ಟಿಯೊಂದಿತ್ತು. ನಿನ್ನೆ ಕುಳಿತು, ಪ್ರತಿ ಹೆಸರಿನ ಮುಂದೆ ಅವರು ಯಾರಿಗೆ ಸೋಲಬೇಕು ಅಥವಾ ಯಾರ ಪಕ್ಕದಲ್ಲಿ ನಿಲ್ಲಬೇಕು ಎಂದು ಬರೆಯಲು ಹೊರಟೆ. ಎರಡು ಹೆಸರುಗಳಿಗೆ ಏನೂ ಹೊಳೆಯಲಿಲ್ಲ, ಅವನ್ನು ಹೊಡೆದುಹಾಕಿದ್ದೇನೆ. ರಾಕ್ ಅವರ ಮುಂದೆ ಯುವ ಕುಸ್ತಿಪಟು ಬ್ರಾನ್ ಬ್ರೇಕರ್ ಎಂದು ಬರೆದಿದ್ದೇನೆ. ಒಪ್ಪದವರು ಬೇರೆ ಹೆಸರು ಸೂಚಿಸಬಹುದು.


ಎರಡೂವರೆ ಎಣಿಕೆ

ಬ್ರೇಕರ್ ಹೆಸರಿಗೆ ನನ್ನ ಒಪ್ಪಿಗೆಯಿದೆ. ಗೆದ್ದ ಮರುವಾರ ಅವರ ಎದುರಾಳಿ ಯಾರು ಎಂಬುದನ್ನೂ ಅದೇ ಸಾಲಿನಲ್ಲಿ ಬರೆದುಬಿಡಿ.